ಸ್ಲೀಪಿಂಗ್ ಬ್ಯಾಗ್ ಕೊಳ್ಳುವ ಮುಂಚೆ ಒಂದು ಕಂಬಳಿಯ ಕಥೆ

ಹೋದ ಡಿಸೆಂಬರಿನಲ್ಲಿ ನಾವು ನಾಲ್ಕು ಜನ ಗೆಳೆಯರು ನಿಪ್ಪಾಣಿ ಹತ್ತಿರದ ತವಂದಿ ಗುಡ್ಡದ ಮೇಲೆ ಒಂದು ರಾತ್ರಿ ಮಲಗಲು ಹೋಗಿದ್ದೆವು. ಮಲಗಲಿಕ್ಕೆ ಪುಣೆಯ ಪರಿಚಯದವರಿಂದ ಡೌನ್ ಸ್ಲೀಪಿಂಗ್ ಬ್ಯಾಗ್ ಎರವಲು ತಂದಿದ್ದೆವು. ಮಡಚಿದರೆ ಸಣ್ಣ ಎಣ್ಣೆ ಡಬ್ಬಿಯಷ್ಟು, ತೂಕ ಒಂದು ಕಿಲೋ ಕೂಡ ಇಲ್ಲ. ಒಳಗೆ ಹೊಕ್ಕು ಜಿಪ್ ಎಳೆದರೆ ಹತ್ತೇ ನಿಮಿಷದಲ್ಲಿ ಬೆಚ್ಚಗೆ. ಮಧ್ಯರಾತ್ರಿವರೆಗೆ ರಾಜನಿದ್ದೆ.

ಬೆಳಗಿನ ಜಾವ ಇಬ್ಬನಿ ಬಿತ್ತು. ನಾವು ಟೆಂಟ್ ಹಾಕಿರಲಿಲ್ಲ. ಚೀಲದ ಮೇಲ್ಬಟ್ಟೆ ತೊಯ್ದು, ಒಳಗಿನ ಪುಕ್ಕ ಅಲ್ಲಲ್ಲಿ ಮುದ್ದೆ ಕಟ್ಟಿತು. ಐದು ಗಂಟೆಗೆ ನಡುಗುತ್ತ ಎದ್ದು ಕುಳಿತೆವು. ಕೆಳಗಿನ ಹೊಲದಲ್ಲಿ ಕುರಿದಡ್ಡಿ ಇತ್ತು. ಅದರ ಪಕ್ಕ ಬಯಲಲ್ಲೇ ಮಲಗಿದ್ದ ಹಿರಿಯರೊಬ್ಬರು ಎದ್ದರು, ಹೊದ್ದಿದ್ದ ಕರಿ ಕಂಬಳಿ ಎರಡು ಸಲ ಝಾಡಿಸಿದರು, ಮತ್ತೆ ಹೆಗಲಿಗೆ ಹಾಕಿಕೊಂಡು ಕುರಿ ಎಬ್ಬಿಸಲು ಹೋದರು. ಅವರಿಗೆ ಇಬ್ಬನಿ ಒಂದು ಸುದ್ದಿಯೇ ಆಗಿರಲಿಲ್ಲ.

ಅವತ್ತಿನಿಂದ ನಮಗೆ ಈ ಎರಡು ಹೊದಿಕೆಗಳ ಹಿಂದಿನ ಕಥೆ ಹುಡುಕುವ ಹುಚ್ಚು ಹಿಡಿಯಿತು.

ಚೀಲಕ್ಕಿಂತ ಮೊದಲು ಕಂಬಳಿಯೇ ಇತ್ತು

ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ ಸ್ಲೀಪಿಂಗ್ ಬ್ಯಾಗ್‌ಗಳ ಪೈಕಿ ಹೆಸರಾದದ್ದು ಬ್ರಿಟನ್ನಿನ ವೇಲ್ಸ್ ಪ್ರಾಂತದ್ದು. ನ್ಯೂಟೌನ್ ಎಂಬ ಊರಿನ ಬಟ್ಟೆ ವ್ಯಾಪಾರಿ ಪ್ರೈಸ್ ಪ್ರೈಸ್-ಜೋನ್ಸ್ 1876ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಹೆಸರು ಯುಕ್ಲೀಸಿಯಾ ರಗ್. ಅದರಲ್ಲಿ ಪುಕ್ಕ ಇರಲಿಲ್ಲ. ಉಣ್ಣೆಯ ಕಂಬಳಿಯನ್ನು ಮಡಚಿ ಬಿಗಿಯುವಂತೆ ಮಾಡಿ, ತಲೆಯ ಕಡೆ ಗಾಳಿ ತುಂಬುವ ರಬ್ಬರ್ ದಿಂಬು ಇಟ್ಟಿದ್ದ, ಅಷ್ಟೇ. ರಷ್ಯಾ ಸೇನೆ ಅವನಿಗೆ 60,000 ಕಂಬಳಿ ಚೀಲಗಳ ಆರ್ಡರ್ ಕೊಟ್ಟಿತ್ತು. ಇನ್ನೊಂದು ಮಾತು: ಅಂಚೆ ಮತ್ತು ರೈಲಿನ ಮೂಲಕ ಮನೆ ಬಾಗಿಲಿಗೆ ಸಾಮಾನು ಕಳಿಸುವ ವ್ಯಾಪಾರ ಬೆಳೆಸಿದವರಲ್ಲಿ ಇವನೂ ಒಬ್ಬ. ಇವತ್ತು ನಾವು ಫೋನಿನಲ್ಲಿ ಬಟನ್ ಒತ್ತಿ ತರಿಸುವುದಕ್ಕೆ ಅವನನ್ನು ಮುತ್ತಜ್ಜ ಅನ್ನಬಹುದು.

ಪುಕ್ಕಕ್ಕೆ ಹೆಸರು ಬಂದದ್ದು ಹಿಮಪರ್ವತ ಹತ್ತುವವರಿಂದ. 1922ರ ಎವರೆಸ್ಟ್ ಯಾತ್ರೆಯಲ್ಲಿ ಜಾರ್ಜ್ ಫಿಂಚ್ ಎಂಬಾತ ಬಲೂನಿನ ಬಟ್ಟೆಯೊಳಗೆ ಬಾತಿನ ಪುಕ್ಕ ತುಂಬಿ ಹೊಲಿಸಿದ ಕೋಟು ಹಾಕಿಕೊಂಡು ಹೋಗಿದ್ದ. ಮೊದಲು ನಕ್ಕವರಿಗೆ ಆಮೇಲೆ ಅದರ ಬೆಲೆ ತಿಳಿಯಿತು. ಹಿಮದ ಊರಿನ ಚಳಿ ಒಣ ಚಳಿ. ಅಲ್ಲಿ ಪುಕ್ಕಕ್ಕೆ ಸಾಟಿ ಇಲ್ಲ.

ನಮ್ಮ ಕಡೆಯ ಲೆಕ್ಕವೇ ಬೇರೆ

1884ರಲ್ಲಿ ಬಾಂಬೆ ಪ್ರಾಂತದ ಬೆಳಗಾವಿ ಜಿಲ್ಲಾ ಗೆಜೆಟಿಯರ್ ಅಚ್ಚಾಯಿತು. ಅದರಲ್ಲಿ ಕುರುಬರ ಕುರಿ ಸಾಕಣೆ, ಕಂಬಳಿ ನೇಯ್ಗೆಯ ಮಾತಿದೆ. ಆಗ ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು, ಚಿಕ್ಕೋಡಿ ಮತ್ತು ಅಥಣಿ ಬ್ರಿಟಿಷರವು. ಮೇವು ಇದ್ದಲ್ಲಿಗೆ ನಡೆಯುವ ಕುರಿಗೆ ಈ ಗಡಿ ಯಾವ ಲೆಕ್ಕ? ನಾವು ಕಂಬಳಿ ಅನ್ನುವುದನ್ನು ಆಚೆ ಕಡೆಯವರು ಘೋಂಗಡಿ ಅನ್ನುತ್ತಾರೆ, ವ್ಯತ್ಯಾಸ ಅಷ್ಟೇ.

ಉಣ್ಣೆ ಕುರುಬರ ಬದುಕಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಅಂದರೆ, ಸಮುದಾಯದ ಒಳಪಂಗಡಗಳಿಗೇ ಹತ್ತಿಕಂಕಣ, ಉಣ್ಣೆಕಂಕಣ ಎಂಬ ಹೆಸರು ಬಂದವು. ಮದುವೆಯಲ್ಲಿ ಕೈಗೆ ಕಟ್ಟುವ ದಾರ ಹತ್ತಿಯದೋ ಉಣ್ಣೆಯದೋ ಎಂಬುದರ ಮೇಲೆ ಆ ಹೆಸರು. ಪೂಜೆಗೆ ಕಂಬಳಿ ಹಾಸಿ ಗದ್ದಿಗೆ ಮಾಡುವುದು ನಮ್ಮ ಎಷ್ಟೋ ಊರುಗಳಲ್ಲಿ ಈಗಲೂ ಇದೆ.

ಈ ಕಂಬಳಿಯ ಉಣ್ಣೆ ಡೆಕ್ಕನಿ ಕುರಿಯದು. ಹೆಚ್ಚಾಗಿ ಕರಿ ಬಣ್ಣ, ಒರಟು ಉಣ್ಣೆ. ಅದನ್ನು ಕತ್ತರಿಸಿ, ಹಿಂಜಿ, ಹೆಣ್ಣುಮಕ್ಕಳು ರಾಟಿಯಲ್ಲಿ ನೂಲುತ್ತಿದ್ದರು. ಗಂಡಸರು ಕುಣಿಮಗ್ಗದಲ್ಲಿ ನೇಯುತ್ತಿದ್ದರು. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಿದ್ದರು. ಬಣ್ಣ ಹಾಕುವ ಮಾತೇ ಇಲ್ಲ, ಕುರಿಯ ಬಣ್ಣವೇ ಕಂಬಳಿಯ ಬಣ್ಣ.

ಹೀಗೆ ತಯಾರಾದ ಒಂದು ಬಟ್ಟೆ ಎಷ್ಟು ಕೆಲಸ ಮಾಡುತ್ತಿತ್ತು ನೋಡಿ. ನೆಲಕ್ಕೆ ಹಾಸಿದರೆ ಹಾಸಿಗೆ, ಮೈಮೇಲೆ ಎಳೆದರೆ ಹೊದಿಕೆ. ಮಳೆ ಬಂದರೆ ಒಂದು ಮೂಲೆ ಮಡಚಿ ತಲೆಗೆ ಹಾಕಿದರೆ ಕೊಪ್ಪೆ. ದಾರಿಯಲ್ಲಿ ಈದ ಕುರಿಯ ಮರಿಗೆ ತೊಟ್ಟಿಲು. ದೀಪಾವಳಿ ದಾಟಿದ ಮೇಲೆ ಕುದುರೆ ಮೇಲೆ ಸಂಸಾರ ಹೇರಿಕೊಂಡು, ಹೊಲದಿಂದ ಹೊಲಕ್ಕೆ ಕುರಿ ತರುಬುತ್ತ ತಿಂಗಳುಗಟ್ಟಲೆ ಬಯಲಲ್ಲೇ ಮಲಗುವವರಿಗೆ ಬೇಕಾದದ್ದು ಇಂಥದ್ದೇ. ಕ್ಯಾಂಪಿಂಗ್ ನಮಗೆ ರಜೆಯ ಮೋಜು, ಅವರಿಗೆ ಅದೇ ಕಸುಬು.

ಉಣ್ಣೆ ಯಾಕೆ ಇಬ್ಬನಿಗೆ ಹೆದರುವುದಿಲ್ಲ? ಪುಕ್ಕ ಬೆಚ್ಚಗಿಡುವುದು ತನ್ನೊಳಗೆ ಗಾಳಿ ಹಿಡಿದಿಟ್ಟುಕೊಂಡು. ತೊಯ್ದರೆ ಅದು ಕುಸಿಯುತ್ತದೆ, ಗಾಳಿ ಹೋಗುತ್ತದೆ, ಅದರ ಜತೆ ಬಿಸಿಯೂ ಹೋಗುತ್ತದೆ. ಉಣ್ಣೆಯ ಎಳೆ ಗುಂಗುರು ಇದ್ದು, ತೇವವಾದರೂ ಅಷ್ಟು ಕುಸಿಯುವುದಿಲ್ಲ. ತನ್ನ ತೂಕದ ಶೇ. 30ರಷ್ಟು ತೇವ ಹೀರಿಕೊಂಡರೂ ಅದು ಮೈಗೆ ಹಸಿ ಅನ್ನಿಸುವುದಿಲ್ಲ. ಹೀರುವಾಗ ಸ್ವಲ್ಪ ಬಿಸಿಯನ್ನೂ ಬಿಡುತ್ತದೆ.

ಹಾಗಂತ ಕಂಬಳಿಯನ್ನು ಬರೀ ಹೊಗಳುವುದು ಬೇಡ. ಎರಡು ಮೂರು ಕಿಲೋ ಭಾರ, ಮೈಗೆ ಚುಚ್ಚುತ್ತದೆ, ನೆನೆದರೆ ಹೊರಲಾರದಷ್ಟು ತೂಗುತ್ತದೆ, ಬೇಗ ಒಣಗುವುದಿಲ್ಲ. ಬೆನ್ನಿಗೆ ಚೀಲ ಕಟ್ಟಿಕೊಂಡು ಗುಡ್ಡ ಹತ್ತುವವರಿಗೆ ಡೌನ್ ಹಗುರ ಎಂಬುದು ಸತ್ಯ.

ಹಾಗಾದರೆ ಕಂಬಳಿ ಎಲ್ಲಿ ಹೋಯಿತು?

ಕಂಬಳಿ ಸೋತದ್ದು ಸ್ಲೀಪಿಂಗ್ ಬ್ಯಾಗಿಗಲ್ಲ. ನಮ್ಮ ಹೊಲಗಳು ಬದಲಾದವು. ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಕಂಪನಿ ಶುರುವಾಯಿತು. ಆಮೇಲೆ ಕೃಷ್ಣೆ, ದೂಧಗಂಗಾ ದಂಡೆಗಳಲ್ಲಿ ನೀರಾವರಿ ಹಬ್ಬಿತು, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಲಗಳಲ್ಲಿ ಕಬ್ಬು ನಿಂತಿತು. ಮೊದಲು ಜೋಳ ಕಿತ್ತ ಹೊಲದಲ್ಲಿ ಕುರಿ ತರುಬಿದರೆ ಕುರಿಗೆ ಮೇವು, ಹೊಲಕ್ಕೆ ಗೊಬ್ಬರ, ಕುರಿಗಾರರಿಗೆ ಕಾಳು. ಕಬ್ಬಿನ ಹೊಲ ಹಾಗೆ ಖಾಲಿ ಬೀಳುವುದಿಲ್ಲ. ಕುರಿ ನಿಲ್ಲುವ ಜಾಗ ಕಡಿಮೆಯಾಯಿತು.

ಕುರಿಯೂ ಬದಲಾಯಿತು. ಮಾಂಸಕ್ಕೆ ಬೆಲೆ ಏರಿತು, ಉಣ್ಣೆಗೆ ಇಳಿಯಿತು. ಬೇಗ ತೂಕ ಬರುವ ತಳಿಗಳ ಕಡೆ ಜನ ವಾಲಿದರು. ಅಥಣಿಗೆ ಹೊಂದಿದ ಜತ್ತ ತಾಲೂಕಿನ ಮಾಡಗ್ಯಾಳ ಕುರಿ ಇವತ್ತು ಸಂತೆಯಲ್ಲಿ ಎಷ್ಟು ಬೆಲೆಗೆ ಹೋಗುತ್ತದೆ ಎಂದು ನಿಮಗೇ ಗೊತ್ತು. ಡೆಕ್ಕನಿ ಕುರಿ ಉಳಿದ ಕಡೆಯೂ ಉಣ್ಣೆ ಕತ್ತರಿಸುವ ಕೂಲಿ ಉಣ್ಣೆಯ ಬೆಲೆಯನ್ನು ಮೀರುತ್ತದೆ. ಕತ್ತರಿಸಿದ ಉಣ್ಣೆಯನ್ನು ಬದುವಿನಲ್ಲೇ ಬಿಟ್ಟು ಹೋದದ್ದನ್ನು ನಾವೇ ನೋಡಿದ್ದೇವೆ. ಅತ್ತ ಸಂತೆಯಲ್ಲಿ ಅಗ್ಗದ ಪಾಲಿಯೆಸ್ಟರ್ ರಗ್ಗು, ಹಳೆ ಬಟ್ಟೆಯ ಎಳೆಯಿಂದ ಪಾಣಿಪತ್ತಿನಲ್ಲಿ ನೇಯ್ದ ಬ್ಲಾಂಕೆಟ್ಟು ರಾಶಿ ಬಿದ್ದಿವೆ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗಿ ನೋಡಿ. ಬಯಲಲ್ಲಿ ಬಿಡಾರ ಹೂಡಿದ ಸಾವಿರಾರು ಮಂದಿಯಲ್ಲಿ ಕೈಮಗ್ಗದ ಕಂಬಳಿ ಹೊದ್ದವರು ಎಷ್ಟು ಜನ, ಹೂವಿನ ಚಿತ್ರದ ರಗ್ಗು ಹೊದ್ದವರು ಎಷ್ಟು ಜನ, ಎಣಿಸಿ.

ಈಗ ಕಂಬಳಿ ಹೆಚ್ಚಾಗಿ ಕಾಣುವುದು ಸನ್ಮಾನದ ವೇದಿಕೆ ಮೇಲೆ. ಮಂತ್ರಿಗಳ ಹೆಗಲಿಗೆ ಹಾಕಿ, ಕೈಗೊಂದು ಕುರಿಮರಿ ಕೊಟ್ಟು ಫೋಟೋ ತೆಗೆಯುತ್ತಾರೆ. ಆ ಹೆಗಲುಗಳು ಬಯಲಲ್ಲಿ ಮಲಗುವುದಿಲ್ಲ. ಬಯಲಲ್ಲಿ ಮಲಗುವವರ ಹೆಗಲಿನಿಂದ ಕಂಬಳಿ ಜಾರುತ್ತಿದೆ.

ಕೊಳ್ಳುವವರಿಗೆ ಎರಡು ಮಾತು

ಚಾರಣಕ್ಕೆ ಹೋಗುವ ಹುಡುಗರು ನಮ್ಮನ್ನು ಕೇಳುತ್ತಾರೆ, ಯಾವ ಚೀಲ ಕೊಳ್ಳಬೇಕು ಅಂತ. ಫಿಲ್ ಪವರ್ ಎಂದು 600, 800 ಎಂಬ ಅಂಕಿ ಬರೆದಿರುತ್ತಾರೆ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಪುಕ್ಕ ಎಷ್ಟು ಘನ ಇಂಚು ಉಬ್ಬುತ್ತದೆ ಎಂಬ ಲೆಕ್ಕ ಅದು. ಅಂಕಿ ಹೆಚ್ಚಾದಷ್ಟೂ ಅದೇ ಬಿಸಿಗೆ ಚೀಲ ಹಗುರ, ಬೆಲೆ ಭಾರ. ಉಷ್ಣತೆಯ ಅಂಕಿಗಳಲ್ಲಿ 'ಲಿಮಿಟ್' ಬಿಟ್ಟು 'ಕಂಫರ್ಟ್' ಅಂಕಿ ನೋಡಿ. ನಮ್ಮ ಭಾಗದ ಚಳಿಗಾಲದ ರಾತ್ರಿ ಸಾಮಾನ್ಯವಾಗಿ 10ರಿಂದ 15 ಡಿಗ್ರಿ. ಹಿಮಾಲಯದ ಚೀಲಕ್ಕೆ ಇಲ್ಲಿ ಹಣ ಸುರಿಯಬೇಡಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಡೌನ್ ಕೊಂಡರೆ ಇಬ್ಬನಿಗೆ ಮೇಲೊಂದು ಮರೆ ಇರಲಿ, ಮನೆಗೆ ಬಂದ ಮೇಲೆ ಮುದ್ದೆ ಮಾಡಿ ಇಡದೆ ಬಿಡಿಸಿ ತೂಗುಹಾಕಿ. ಬೈಕ್ ಮೇಲೆ ಹೋಗಿ ಹೊಲದಲ್ಲೋ ಹೊಳೆ ದಂಡೆಯಲ್ಲೋ ಒಂದು ರಾತ್ರಿ ಮಲಗುವುದಾದರೆ ಅಜ್ಜನ ಕಂಬಳಿಯೇ ಸಾಕು.

ಮನೆಯ ಟ್ರಂಕಿನಲ್ಲಿ ಅಂಥ ಕಂಬಳಿ ಇದ್ದರೆ ಇವತ್ತು ಹೊರಗೆ ತೆಗೆದು ಬಿಸಿಲಿಗೆ ಹಾಕಿ. ಯಾರು ನೇಯ್ದದ್ದು, ಯಾವ ಊರಿನದು, ಎಷ್ಟಕ್ಕೆ ತಂದದ್ದು ಎಂದು ಮನೆಯ ಹಿರಿಯರನ್ನು ಕೇಳಿ. ನಿಮ್ಮೂರಲ್ಲಿ ಇನ್ನೂ ಕುಣಿಮಗ್ಗ ಆಡುತ್ತಿದ್ದರೆ ನಮಗೆ ತಿಳಿಸಿ. ನಾವು ಬಂದು ಬರೆಯುತ್ತೇವೆ, ಒಂದು ಕಂಬಳಿಯನ್ನೂ ಕೊಳ್ಳುತ್ತೇವೆ. ಮುಂದಿನ ಡಿಸೆಂಬರಿಗೆ ತವಂದಿ ಗುಡ್ಡಕ್ಕೆ ಮತ್ತೆ ಹೋಗುವುದಿದೆ.