ವಿವಿಧ ಕಂಪ್ಯೂಟರುಗಳಲ್ಲಿ ಬಳಸಲು ಬಾಹ್ಯ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ವಿಧಾನ

(ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

1. ಉದ್ದೇಶ

ಪಹಣಿ, ಪೋಡಿ ನಕ್ಷೆ, ಕ್ರಯಪತ್ರ, ವಂಶವೃಕ್ಷ, ಅಂಕಪಟ್ಟಿ ಮುಂತಾದ ದಾಖಲೆಗಳ ಸ್ಕ್ಯಾನ್ ಪ್ರತಿಗಳನ್ನು ಅನೇಕ ಅರ್ಜಿದಾರರು ಬಾಹ್ಯ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡಿರುತ್ತಾರೆ. ಮನೆಯ ಕಂಪ್ಯೂಟರಿನಲ್ಲಿ ತೆರೆಯುವ ಡಿಸ್ಕ್ ಬೇರೆಡೆ ತೆರೆಯದೇ ಹೋಗುವುದುಂಟು. ಪಾವಗಡದಿಂದ ಮಧುಗಿರಿಗೆ ಸುಮಾರು 60 ಕಿ.ಮೀ., ತುಮಕೂರಿಗೆ ಸುಮಾರು 100 ಕಿ.ಮೀ. ದೂರವಿದೆ. ಡಿಸ್ಕ್ ತೆರೆಯದಿದ್ದಲ್ಲಿ ಅರ್ಜಿದಾರರ ಒಂದು ದಿನ ವ್ಯರ್ಥವಾಗುತ್ತದೆ. ಇದನ್ನು ತಪ್ಪಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

2. ಮುಖ್ಯ ಎಚ್ಚರಿಕೆ

ಮ್ಯಾಕ್ ಅಥವಾ ಲಿನಕ್ಸ್ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದಾಗ, ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂಬ ಸಂದೇಶ ಪರದೆಯ ಮೇಲೆ ಬರಬಹುದು. ಡಿಸ್ಕ್ ಕೆಟ್ಟಿದೆ ಅಥವಾ ಖಾಲಿಯಾಗಿದೆ ಎಂದು ಇದರಿಂದ ಭಾವಿಸಬಾರದು. ದಾಖಲೆಗಳು ಸುರಕ್ಷಿತವಾಗಿದ್ದರೂ ಅವುಗಳನ್ನು ಬರೆದ ಕ್ರಮ ಆ ಕಂಪ್ಯೂಟರಿಗೆ ತಿಳಿಯದಿರುವಾಗಲೂ ಈ ಸಂದೇಶ ಬರುತ್ತದೆ. ಇಂತಹ ಸಂದರ್ಭದಲ್ಲಿ ಫಾರ್ಮ್ಯಾಟ್ ಒತ್ತದೆ ‘ಕ್ಯಾನ್ಸಲ್’ ಒತ್ತತಕ್ಕದ್ದು. ಫಾರ್ಮ್ಯಾಟ್ ಮಾಡಿದ ನಂತರ ದಾಖಲೆಗಳು ಮರಳಿ ದೊರೆಯುವ ಖಾತರಿ ಇರುವುದಿಲ್ಲ.

3. ಯಾವ ಕ್ರಮ ಎಲ್ಲಿ ತೆರೆಯುತ್ತದೆ

• ಎನ್‌ಟಿಎಫ್‌ಎಸ್: ವಿಂಡೋಸ್‌ಗೆ ಸೂಕ್ತ. ಮ್ಯಾಕ್‌ನಲ್ಲಿ ಓದಬಹುದು, ಹೆಚ್ಚುವರಿ ತಂತ್ರಾಂಶವಿಲ್ಲದೆ ಬರೆಯಲಾಗದು.
• ಫ್ಯಾಟ್32: ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರುಗಳಲ್ಲಿಯೂ ತೆರೆಯುತ್ತದೆ. ಆದರೆ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಒಂದೇ ಕಡತವನ್ನು ಇದರಲ್ಲಿ ಇಡಲಾಗದು.
• ಎಕ್ಸ್‌ಫ್ಯಾಟ್: ದೊಡ್ಡ ಕಡತಗಳಿಗೂ ಸೂಕ್ತ. ವಿಂಡೋಸ್ 7 ಮತ್ತು ನಂತರದ ಆವೃತ್ತಿಗಳಲ್ಲಿ, 2010ರ ನಂತರದ ಮ್ಯಾಕ್ ಆವೃತ್ತಿಗಳಲ್ಲಿ ಓದಲು ಹಾಗೂ ಬರೆಯಲು ಸಾಧ್ಯ. 2019ರಲ್ಲಿ ಮೈಕ್ರೋಸಾಫ್ಟ್ ಇದರ ವಿವರಣೆಯನ್ನು ಪ್ರಕಟಿಸಿತು. ಅದೇ ವರ್ಷ ಲಿನಕ್ಸ್ 5.4ರಲ್ಲಿ ಇದು ಸೇರ್ಪಡೆಯಾಯಿತು.

ಮೂರೂ ವಿಧದ ಕಂಪ್ಯೂಟರುಗಳಲ್ಲಿ ಬಳಸುವ ಹಾರ್ಡ್ ಡಿಸ್ಕಿಗೆ ಎಕ್ಸ್‌ಫ್ಯಾಟ್ ಆಯ್ದುಕೊಳ್ಳುವುದು ಸೂಕ್ತ. ಕೆಲವೇ ದಾಖಲೆಗಳನ್ನು ಒಯ್ಯುವ ಸಣ್ಣ ಪೆನ್ ಡ್ರೈವ್‌ಗೆ ಫ್ಯಾಟ್32 ಸಾಕಾಗುತ್ತದೆ.

4. ಫಾರ್ಮ್ಯಾಟ್ ಮಾಡುವ ಮುನ್ನ

ಡಿಸ್ಕಿನಲ್ಲಿರುವ ಎಲ್ಲ ಕಡತಗಳನ್ನು ಬೇರೊಂದು ಕಂಪ್ಯೂಟರಿಗೆ ಅಥವಾ ಡಿಸ್ಕಿಗೆ ನಕಲು ಮಾಡಿ, ಕೆಲವನ್ನು ತೆರೆದು ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು. ಬೇರೆ ಡಿಸ್ಕುಗಳು ಜೋಡಣೆಯಾಗಿದ್ದಲ್ಲಿ ಅವುಗಳನ್ನು ತೆಗೆದಿಟ್ಟು, ಫಾರ್ಮ್ಯಾಟ್ ಮಾಡಬೇಕಾದ ಡಿಸ್ಕನ್ನು ಅದರ ಹೆಸರು ಹಾಗೂ ಗಾತ್ರದಿಂದ ಗುರುತಿಸತಕ್ಕದ್ದು.

5. ಅನುಸರಿಸಬೇಕಾದ ಕ್ರಮ

ಅ) ವಿಂಡೋಸ್: ‘ದಿಸ್ ಪಿಸಿ’ ತೆರೆದು, ಡಿಸ್ಕಿನ ಚಿಹ್ನೆಯ ಮೇಲೆ ಮೌಸಿನ ಬಲ ಗುಂಡಿಯನ್ನು ಒತ್ತಿ ‘ಫಾರ್ಮ್ಯಾಟ್’ ಆಯ್ಕೆ ಮಾಡುವುದು. ‘ಫೈಲ್ ಸಿಸ್ಟಂ’ ಎಂಬಲ್ಲಿ ಎಕ್ಸ್‌ಫ್ಯಾಟ್ ಆರಿಸಿ, ಉಳಿದವನ್ನು ಬದಲಿಸದೆ ‘ಸ್ಟಾರ್ಟ್’ ಒತ್ತುವುದು.

ಆ) ಮ್ಯಾಕ್: ‘ಡಿಸ್ಕ್ ಯುಟಿಲಿಟಿ’ ತೆರೆದು, ಡಿಸ್ಕನ್ನು ಆಯ್ದು, ‘ಇರೇಸ್’ ಒತ್ತಿ ಎಕ್ಸ್‌ಫ್ಯಾಟ್ ಆರಿಸುವುದು.

ಇ) ಉಬುಂಟು ಲಿನಕ್ಸ್: ‘ಡಿಸ್ಕ್ಸ್’ ತೆರೆದು ಡಿಸ್ಕಿನ ವಿಭಾಗವನ್ನು ಆಯ್ದು, ಫಾರ್ಮ್ಯಾಟ್ ಆಯ್ಕೆಯಲ್ಲಿ ಎಕ್ಸ್‌ಫ್ಯಾಟ್ ಆರಿಸುವುದು. ಆಯ್ಕೆ ಕಾಣದಿದ್ದಲ್ಲಿ ‘ಎಕ್ಸ್‌ಫ್ಯಾಟ್‌ಪ್ರೋಗ್ಸ್’ ತಂತ್ರಾಂಶವನ್ನು ಅಳವಡಿಸಿಕೊಳ್ಳುವುದು.

6. ಕಡತಗಳ ಹೆಸರು ಮತ್ತು ಕನ್ನಡ ಅಕ್ಷರಗಳು

ಸರ್ವೆ ನಂಬರ್ 45/2 ಎಂಬುದನ್ನು ಕಡತದ ಹೆಸರಿನಲ್ಲಿ 45-2 ಎಂದು ಬರೆಯತಕ್ಕದ್ದು. ಓರೆಗೆರೆ, ಪ್ರಶ್ನಾರ್ಥಕ ಚಿಹ್ನೆ ಹಾಗೂ ವಿವರಣ ಚಿಹ್ನೆಗಳನ್ನು ವಿಂಡೋಸ್ ಕಡತದ ಹೆಸರಿನಲ್ಲಿ ಸ್ವೀಕರಿಸುವುದಿಲ್ಲ. ಯೂನಿಕೋಡ್ ಕನ್ನಡದಲ್ಲಿ ಬರೆದ ಹೆಸರುಗಳು ಎಕ್ಸ್‌ಫ್ಯಾಟ್ ಡಿಸ್ಕಿನಲ್ಲಿ ಉಳಿಯುತ್ತವೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಪತ್ರಗಳು, ಆ ಅಕ್ಷರವಿನ್ಯಾಸವಿಲ್ಲದ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುವುದಿಲ್ಲ. ಆದ್ದರಿಂದ ಅವುಗಳನ್ನು ಪಿಡಿಎಫ್ ರೂಪಕ್ಕೆ ಪರಿವರ್ತಿಸಿ ತರುವುದು ಒಳಿತು.

7. ಡಿಸ್ಕನ್ನು ಕಳಚುವಾಗ

ನಕಲು ನಡೆಯುತ್ತಿರುವಾಗ ಡಿಸ್ಕನ್ನು ಎಳೆದರೆ ಅಥವಾ ವಿದ್ಯುತ್ ಕಡಿತವಾದರೆ ಎಕ್ಸ್‌ಫ್ಯಾಟ್ ಡಿಸ್ಕಿನ ಕಡತಗಳು ಹಾಳಾಗುವ ಸಂಭವ ಹೆಚ್ಚು; ಎನ್‌ಟಿಎಫ್‌ಎಸ್‌ನಲ್ಲಿರುವಂತೆ ಬದಲಾವಣೆಗಳನ್ನು ದಾಖಲಿಸಿಡುವ ವ್ಯವಸ್ಥೆ ಇದರಲ್ಲಿಲ್ಲ. ಪ್ರತಿ ಬಾರಿಯೂ ‘ಇಜೆಕ್ಟ್’ ಆಯ್ಕೆಯನ್ನು ಒತ್ತಿದ ನಂತರವೇ ಡಿಸ್ಕನ್ನು ಕಳಚತಕ್ಕದ್ದು.

8. ಅರ್ಜಿದಾರರಿಗೆ ಸೂಚನೆ

• ಹೊರಗಿನ ಡಿಸ್ಕನ್ನು ಕಚೇರಿ ಅಥವಾ ಸೇವಾ ಕೇಂದ್ರದ ಕಂಪ್ಯೂಟರಿಗೆ ಜೋಡಿಸಲು ಅವಕಾಶವಿದೆಯೇ ಎಂಬುದನ್ನು ಮುಂಚಿತವಾಗಿ ವಿಚಾರಿಸುವುದು.
• ಕುಟುಂಬದ ಎಲ್ಲ ದಾಖಲೆಗಳಿರುವ ಡಿಸ್ಕನ್ನು ತರದೆ, ಅರ್ಜಿಗೆ ಅಗತ್ಯವಿರುವ ಪ್ರತಿಗಳನ್ನು ಮಾತ್ರ ಪೆನ್ ಡ್ರೈವ್‌ನಲ್ಲಿ ತರುವುದು.
• ಒಂದೇ ಡಿಸ್ಕಿನಲ್ಲಿರುವ ಪ್ರತಿಯನ್ನು ನಂಬದೆ, ಎರಡನೆಯ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳುವುದು.
• ಮೂಲ ಕಾಗದಪತ್ರಗಳನ್ನು ಯಾವುದೇ ಕಾರಣಕ್ಕೂ ವಿಲೇವಾರಿ ಮಾಡಬಾರದು.