ತೂಜಾ ಗಿಡ ಕಂದು ಬಣ್ಣಕ್ಕೆ ತಿರುಗಿದೆಯಾ? ಯೂರಿಯಾ ಹಾಕುವ ಮುಂಚೆ ಇದನ್ನು ಓದಿ

ಗೇಟಿನ ಪಕ್ಕ, ಅಂಗಡಿ ಮುಂದೆ ವರ್ಷಗಟ್ಟಲೆ ಹಸಿರಾಗಿದ್ದ ತೂಜಾ ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದರೆ ಹೆಚ್ಚಿನವರು ಮಾಡೋದು ಒಂದೇ, ಬುಡಕ್ಕೆ ಒಂದು ಹಿಡಿ ಯೂರಿಯಾ. ಬೇರು ಸೊರಗಿದಾಗ ಅದರಿಂದ ಗಿಡ ಇನ್ನಷ್ಟು ಸುಡುತ್ತದೆ.

ಮೊದಲು ಕಂದು ಎಲ್ಲಿದೆ ನೋಡಿ. ಒಳಗಿನ ಹಳೇ ಎಲೆ ಮಾತ್ರ ಒಣಗಿ ತುದಿ ಹಸಿರಿದ್ದರೆ ಚಿಂತೆ ಬೇಡ, ಅದು ಸಹಜ. ತುದಿಯೇ ಒಣಗುತ್ತಿದ್ದರೆ ಹೆಚ್ಚಾಗಿ ಬೇರಿನ ತೊಂದರೆ: ನೀರು ಸಾಲುತ್ತಿಲ್ಲ, ಇಲ್ಲವೇ ನಿಂತು ಕೊಳೆಯುತ್ತಿದೆ. ಬುಡದ ಮಣ್ಣನ್ನು ಒಂದು ಗೇಣು ಕೆದಕಿದರೆ ಯಾವುದೆಂದು ಗೊತ್ತಾಗುತ್ತದೆ. ಕಾಂಡದ ತನಕ ಟೈಲ್ಸ್ ಹಾಕಿಸಿದ ಮನೆಗಳಲ್ಲಂತೂ ಈ ಕಾಟ ಜಾಸ್ತಿ. ದಿನಾ ಎಲೆ ಮೇಲೆ ಚಿಮುಕಿಸುವ ಬದಲು ವಾರಕ್ಕೆ ಒಂದೆರಡು ಸಲ ಬುಡ ಚೆನ್ನಾಗಿ ನೆನೆಯುವಂತೆ ನೀರು ಕೊಡಿ. ಕೆಳಗಡೆ ಒಂದೇ ಬದಿ ಕರಕಲಾಗಿದ್ದರೆ ಬೀದಿನಾಯಿಯ ಕೆಲಸವೂ ಇರಬಹುದು!

ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿ. ಚುಕ್ಕಿಯಂಥವು ಹರಿದಾಡಿದರೆ ನುಸಿ ಬಿದ್ದಿದೆ. ಮೂರ್ನಾಲ್ಕು ದಿನಕ್ಕೊಮ್ಮೆ ಪೈಪಿನಿಂದ ರಭಸವಾಗಿ ನೀರು ಬಿಟ್ಟು ತೊಳೆಯಿರಿ.

ಕತ್ತರಿ ಹಿಡಿಯುವ ಮೊದಲು ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ. ಎಲೆಯಿಲ್ಲದ ಹಳೇ ಕೊಂಬೆಯವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರುವುದು ಕಷ್ಟ, ಬೋಳು ಹಾಗೇ ಉಳಿಯುತ್ತದೆ.