ಗೋಲು ತಡೆದವನಿಗೆ ಪಟ್ಟಿಯಲ್ಲಿ ಎಷ್ಟನೇ ಜಾಗ?

ನಮ್ಮ ಸಂಕೇಶ್ವರದಿಂದ ಹೆದ್ದಾರಿ ಹಿಡಿದು ಗಡಿ ದಾಟಿದರೆ ಕೊಲ್ಹಾಪುರ. ಕುಸ್ತಿಯ ಊರು ಅಂತ ಎಲ್ಲರಿಗೂ ಗೊತ್ತು. ಆದರೆ ಅಲ್ಲಿನ ತಾಲೀಮುಗಳಿಗೆ ಫುಟ್‌ಬಾಲ್ ತಂಡಗಳೂ ಇವೆ. ಆ ಊರಿನ ಆಟಗಾರ ಅಂದರೆ ಇವತ್ತಿನ ಹುಡುಗರು ಮೊದಲು ಹೇಳುವ ಹೆಸರು ಅನಿಕೇತ್ ಜಾಧವ್. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್ ಆಡಿದವನು. ಅವನು ಮುಂದೆ ನಿಂತು ಗೋಲು ಹೊಡೆಯುವ ಆಟಗಾರ.

ಜನಪ್ರಿಯತೆಯ ಪಟ್ಟಿ ಎಲ್ಲೇ ಮಾಡಲಿ, ಲೆಕ್ಕ ಹೀಗೇ ಇರುತ್ತದೆ. ಫ್ರಾನ್ಸಿನ ಪತ್ರಿಕೆಯೊಂದು 1956ರಲ್ಲಿ ಶುರು ಮಾಡಿದ ಬ್ಯಾಲನ್ ಡಿ'ಓರ್ ಪ್ರಶಸ್ತಿಯನ್ನೇ ನೋಡಿ. ಇಷ್ಟು ವರ್ಷಗಳಲ್ಲಿ ಅದನ್ನು ಗೆದ್ದ ರಕ್ಷಣಾ ಆಟಗಾರರು ಮೂವರೇ: ಬೆಕನ್‌ಬೌರ್, ಸಾಮರ್, ಕನ್ನವಾರೊ. ಜಪಾನ್ ಮಾತ್ರ ಸ್ವಲ್ಪ ಬೇರೆ ದಾರಿ ತೋರಿಸಿತು. ಅಲ್ಲಿನ ಜೆ-ಲೀಗ್ 2004ರಲ್ಲಿ ವರ್ಷದ ಶ್ರೇಷ್ಠ ಆಟಗಾರ ಎಂದು ಆರಿಸಿದ್ದು ಯೂಜಿ ನಾಕಾಜಾವಾ ಅವರನ್ನು. ದೇಶಕ್ಕಾಗಿ 110 ಪಂದ್ಯ ಆಡಿ ಈಗ ನಿವೃತ್ತರಾಗಿರುವ ಅವರ ಕೆಲಸ ಗೋಲು ತಡೆಯುವುದಾಗಿತ್ತು.

ನಮ್ಮ ದೇಶದ ಕಥೆ ಏನು? 1948ರ ಜುಲೈ 31. ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದಿದ್ದರು. ಬೆಂಗಳೂರಿನ ಎಸ್. ರಾಮನ್ ಗೋಲು ಹೊಡೆದು 1-1 ಸಮ ಮಾಡಿದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಅದೇ ಭಾರತದ ಮೊದಲ ಗೋಲು. ಕೊನೆಗೆ ಫ್ರಾನ್ಸ್ 2-1ರಿಂದ ಗೆದ್ದಿತು. ಭಾರತ ಎರಡು ಪೆನಾಲ್ಟಿ ಕಳೆದುಕೊಂಡಿತ್ತು. ಅದರಲ್ಲಿ ಒಂದು ಶೈಲೇನ್ ಮನ್ನಾ ಅವರದು. ಮನ್ನಾ ರಕ್ಷಣಾ ಆಟಗಾರ. ಆ ದಿನ ಅವರು ಎಷ್ಟು ಚೆಂಡು ತಡೆದರು ಅಂತ ಇವತ್ತು ಯಾರೂ ಹೇಳುವುದಿಲ್ಲ. ತಪ್ಪಿದ ಒಂದು ಒದೆತ ಮಾತ್ರ ಇತಿಹಾಸದಲ್ಲಿ ಉಳಿಯಿತು.

ಮೂರೇ ವರ್ಷಕ್ಕೆ, 1951ರ ದಿಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಅದೇ ಮನ್ನಾ ನಾಯಕ. ಫೈನಲ್‌ನಲ್ಲಿ ಇರಾನ್ ವಿರುದ್ಧ 1-0. ಚಿನ್ನ ತಂದ ಗೋಲು ಮೇವಾಲಾಲ್ ಅವರದು ಅಂತ ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ಆ ಕೂಟದ ಮೂರೂ ಪಂದ್ಯಗಳಲ್ಲಿ ಭಾರತ ಒಂದೇ ಒಂದು ಗೋಲು ಬಿಟ್ಟುಕೊಡಲಿಲ್ಲ. ಆ ಸೊನ್ನೆಯೂ ಒಂದು ಗಳಿಕೆಯೇ. ಮನ್ನಾ ಅವರಿಗೆ 1971ರಲ್ಲಿ ಪದ್ಮಶ್ರೀ ಬಂತು.

ಹೊಡೆದ ಗೋಲನ್ನು ಎಣಿಸಬಹುದು, ಆಗದೇ ಹೋದ ಗೋಲನ್ನು ಎಣಿಸುವವರು ಯಾರು? ಪಟ್ಟಿಯ ತಪ್ಪು ಇರುವುದು ಇಲ್ಲೇ.

ಈ ವಿಷಯದಲ್ಲಿ ನಮ್ಮ ಹಳ್ಳಿಯ ಕಬಡ್ಡಿ ಅಂಗಳವೇ ಜಾಣ. ಅಲ್ಲಿ ದಾಳಿ ಮಾಡಿದವನಿಗೂ ಪಾಯಿಂಟ್, ಕಾಲು ಹಿಡಿದು ಕೆಡವಿದವನಿಗೂ ಪಾಯಿಂಟ್. ಒಳ್ಳೆಯ ಕೂಟಗಳಲ್ಲಿ ಉತ್ತಮ ಹಿಡಿತಗಾರನಿಗೆ ಬೇರೆ ಬಹುಮಾನವೇ ಇರುತ್ತದೆ. ಮುಂದಿನ ಜಾತ್ರೆಯ ಪಂದ್ಯಾವಳಿಗೆ ಚಂದಾ ಎತ್ತುವ ಹುಡುಗರು ಆ ಒಂದು ಕಪ್ಪನ್ನು ಮರೆಯದೆ ತರಿಸಿ. ಹಿಂದೆ ನಿಂತು ಆಡುವ ಹುಡುಗನೂ ನಾಳೆ ಮೈದಾನಕ್ಕೆ ಬರಬೇಕಲ್ಲ.